ಬಣ್ಣ ಕೊನೆಗೆ: ತುಮಕೂರಿನಲ್ಲಿ ನನ್ನ ಸಿಪಾನಿ ಡಾಲ್ಫಿನ್ ಮತ್ತೆ ಓಡಿದ್ದು ಹೇಗೆ

ಹಳೇ ಸ್ಪೋರ್ಟ್ಸ್ ಕಾರುಗಳು ರಸ್ತೆ ಮೇಲೆ ಯಾಕೆ ಕಾಣಿಸುವುದಿಲ್ಲ ಅಂತ ಯಾರನ್ನು ಕೇಳಿದರೂ ಉತ್ತರ ಒಂದೇ: ಸ್ಪೇರ್ ಸಿಗಲ್ಲ. ನಾನು ಇದನ್ನು ಒಪ್ಪುವುದಿಲ್ಲ. ಸ್ಪೇರ್ ಸಿಗದೆ ಹೋದ ಕಾರುಗಳಿಗಿಂತ, ಪೂರ್ತಿ ಬಿಚ್ಚಿಟ್ಟು ಮತ್ತೆ ಜೋಡಿಸದೆ ಹೋದ ಕಾರುಗಳೇ ಜಾಸ್ತಿ. ತುಮಕೂರಿನ ಸುತ್ತಮುತ್ತಲೇ ಇಂಥ ಎಷ್ಟೋ ಕಾರುಗಳನ್ನು ಕಣ್ಣಾರೆ ನೋಡಿದ್ದೇನೆ.

ನಡೆಯುವುದು ಹೀಗೆ. ಯಾರೋ ಆಸೆಪಟ್ಟು ಹಳೇ ಹೋಂಡಾ ಸಿಟಿ ವಿಟೆಕ್ ತರುತ್ತಾರೆ, ಇಲ್ಲಾ ಫಿಯಟ್ ಪಾಲಿಯೊ 1.6 ತರುತ್ತಾರೆ. ಗಾಡಿ ಚೆನ್ನಾಗಿಯೇ ಓಡುತ್ತಿರುತ್ತದೆ, ಬಣ್ಣ ಮಾತ್ರ ಮಾಸಿರುತ್ತದೆ. 'ಮೊದಲು ಬಾಡಿ ಮಾಡಿಸಿಬಿಡೋಣ' ಅಂತ ಟಿಂಕರಿಂಗಿಗೆ ಬಿಡುತ್ತಾರೆ. ಸೀಟು ಒಂದು ಅಂಗಡಿಗೆ ಹೋಗುತ್ತದೆ, ಡ್ಯಾಶ್‌ಬೋರ್ಡ್ ಇನ್ನೊಂದು ಕಡೆ, ಬೀಡಿಂಗ್ ಕ್ಲಿಪ್ಪು ಎಲ್ಲಾ ಒಂದು ಗೋಣಿಚೀಲಕ್ಕೆ. ಬಣ್ಣಕ್ಕೇ ಲಕ್ಷದ ಮೇಲೆ ಎದ್ದುಹೋಗುತ್ತದೆ. ಅಷ್ಟೊತ್ತಿಗೆ ಎಂಜಿನ್ ಸ್ಟಾರ್ಟ್ ಆಗಿ ಆರು ತಿಂಗಳಾಗಿರುತ್ತದೆ. ಬ್ರೇಕಿನ ವೀಲ್ ಸಿಲಿಂಡರ್ ಜಾಮ್, ಕಾರ್ಬ್ಯುರೇಟರ್ ಗಾಡಿಯಾದರೆ ಅದರೊಳಗೆ ಪೆಟ್ರೋಲ್ ಗೋಂದಾಗಿರುತ್ತದೆ, ಇಲಿ ವೈರಿಂಗ್ ಕಡಿದಿರುತ್ತದೆ. ನಡುವೆ ಮನೆಯಲ್ಲಿ ಒಂದು ಮದುವೆ, ತೋಟಕ್ಕೊಂದು ಬೋರ್‌ವೆಲ್. ದುಡ್ಡು ಅಲ್ಲಿಗೆ ಮುಗಿಯುತ್ತದೆ. ಹೊಸ ಬಣ್ಣದ ಬಾಡಿ ಶೆಡ್ಡಿನಲ್ಲಿ ನಿಂತೇ ಧೂಳು ತಿನ್ನುತ್ತದೆ. ಎಂಜಿನ್ನನ್ನು ಬೇರೆಯವರು ತಮ್ಮ ಗಾಡಿಗೆ ಕೇಳಿ ತೆಗೆದುಕೊಂಡು ಹೋಗುತ್ತಾರೆ. ಉಳಿದದ್ದು ಗುಜರಿಗೆ.

ನಾನು ಕ್ರಮವನ್ನೇ ತಲೆಕೆಳಗು ಮಾಡಿದೆ. ಕಾಗದ ಮೊದಲು. ಆಮೇಲೆ ಬ್ರೇಕು, ಕೂಲಿಂಗ್, ವೈರಿಂಗ್, ಪೆಟ್ರೋಲ್ ಲೈನು, ಬಾಡಿ. ಬಣ್ಣ ಎಲ್ಲಕ್ಕಿಂತ ಕೊನೆಗೆ. ಒಂದು ಸಲಕ್ಕೆ ಒಂದೇ ಕೆಲಸ ಬಿಚ್ಚಬೇಕು, ಭಾನುವಾರ ಬೆಳಗ್ಗೆ ಗಾಡಿ ತನ್ನ ಎಂಜಿನ್ ಮೇಲೇ ಗೇಟು ದಾಟಬೇಕು. ಇಷ್ಟೇ ನಿಯಮ. ಶಿರಾ ಗೇಟ್ ಕಡೆಯ ಹಳೇ ಮೇಸ್ತ್ರಿಯೊಬ್ಬರು ತಲೆ ಅಲ್ಲಾಡಿಸಿ, 'ಸಾರ್, ಹಿಂಗೆ ಚೂರುಚೂರು ಮಾಡ್ತಾ ಕೂತ್ರೆ ಈ ಜನ್ಮದಲ್ಲಿ ಮುಗಿಯಲ್ಲ. ಒಂದೇ ಸಲ ಚಾಸಿಯಿಂದ ಬಾಡಿ ಎತ್ತಿಬಿಡಿ' ಅಂದರು. ಬೆಂಗಳೂರಿನ ಗೆಳೆಯರೂ ಅದನ್ನೇ ಹೇಳಿದರು. ಆ ಗೆಳೆಯರ ಪೈಕಿ ಇಬ್ಬರ ಕಾರು ಇವತ್ತಿಗೂ ಬಿಚ್ಚಿದ ಸ್ಥಿತಿಯಲ್ಲೇ ಇವೆ. ನನ್ನ ಡಾಲ್ಫಿನ್ ವಾರಕ್ಕೆ ಮೂರ್ನಾಲ್ಕು ದಿನ ಬಿ.ಎಚ್. ರಸ್ತೆಯಲ್ಲಿ ಓಡುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಡಾಲ್ಫಿನ್ ಸ್ಪೋರ್ಟ್ಸ್ ಕಾರಾ ಅಂತ ಕೇಳುವವರಿದ್ದಾರೆ. ಮಾರಿದ್ದು ಸಣ್ಣ ಫ್ಯಾಮಿಲಿ ಕಾರು ಅಂತಲೇ. ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1982ರಲ್ಲಿ, ಇಂಗ್ಲೆಂಡಿನ ರಿಲಯಂಟ್ ಕಿಟನ್ ಆಧಾರದ ಮೇಲೆ ತಂದ ಎರಡು ಬಾಗಿಲ ಗಾಡಿ ಇದು. ಕಬ್ಬಿಣದ ಚಾಸಿ (ಗಾಡಿಯ ಅಡಿಕಟ್ಟು), ಅದರ ಮೇಲೆ ಫೈಬರ್ ಬಾಡಿ, 848 ಸಿಸಿಯ ಪೂರ್ತಿ ಅಲ್ಯೂಮಿನಿಯಂ ಎಂಜಿನ್, ಪವರ್ ಹಿಂದಿನ ಚಕ್ರಕ್ಕೆ. 40 ಹಾರ್ಸ್‌ಪವರ್ ಅಂದರೆ ಈಗಿನವರಿಗೆ ಏನೂ ಅನ್ನಿಸುವುದಿಲ್ಲ. ಆದರೆ ತೂಕ ಲೆಕ್ಕ ಹಾಕಿ ನೋಡಿ: ಅಂಬಾಸಿಡರಿನ ಅರ್ಧದ ಆಸುಪಾಸು. ಸಿಕ್ಕ ಜಾಗದಲ್ಲಿ ತಿರುಗುತ್ತದೆ, ಇಳಿಜಾರಿನ ತಿರುವಿನಲ್ಲಿ ಹಿಂಭಾಗ ಹೇಳಿದ ಮಾತು ಕೇಳುತ್ತದೆ. ಮದ್ರಾಸಿನ ಶೋಲಾವರಂ ಏರ್‌ಸ್ಟ್ರಿಪ್ಪಿನ ರೇಸುಗಳಲ್ಲಿ, ರ‍್ಯಾಲಿಗಳಲ್ಲಿ ಇದು ಹೆಸರು ಮಾಡಿದ್ದು ಸುಮ್ನೆ ಅಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಕೊಳ್ಳುವವರೆಲ್ಲಾ ಅತ್ತ ಹೋದರು. ಸಿಪಾನಿಯವರು ಆಮೇಲೆ ಇದನ್ನೇ ಬೆಳೆಸಿ ಮೊಂಟಾನಾ ಅಂತ ತಂದರು, ಅದೂ ನಿಲ್ಲಲಿಲ್ಲ. ನಮ್ಮ ರಾಜ್ಯದಲ್ಲೇ ಹುಟ್ಟಿದ, ಓಡಿಸಲು ಇಷ್ಟು ಖುಷಿ ಕೊಡುವ ಕಾರು ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ನನ್ನ ಗಾಡಿ ಸಿಕ್ಕಿದ್ದು ಗುಬ್ಬಿ ಕಡೆ, ನಿಂತುಹೋದ ಒಂದು ಅಕ್ಕಿ ಗಿರಣಿಯ ಹಿಂದೆ. 60-65 ಸಾವಿರ ಕೊಟ್ಟೆ. ಎಂಜಿನ್ ಓಡುತ್ತಿತ್ತು, ಆದರೆ ಹತ್ತು ಕಿಲೋಮೀಟರಿಗೆ ಹೀಟ್. ಬೂದು ಬಣ್ಣದ ಪುಟ್ಟಿ ಹೊರಗೇ ಕಾಣುತ್ತಿತ್ತು. ಬೇರೆಯವರು ಆ ಪುಟ್ಟಿ ನೋಡಿ ವಾಪಸ್ ಹೋಗಿದ್ದರು. ನಾನು ಮೊದಲು ಕೇಳಿದ್ದು ಆರ್‌ಸಿ ಪುಸ್ತಕ.

ಕಾಗದದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಗಾಡಿಗಳನ್ನು ಸಾಯಿಸುವುದರಲ್ಲಿ ಇದರದ್ದು ದೊಡ್ಡ ಪಾಲು. ಪುಸ್ತಕ ತೀರಿಕೊಂಡವರ ಹೆಸರಲ್ಲಿತ್ತು. ಮೊದಲು ಫಾರಂ 31 ಹಾಕಿ ಮಗನ ಹೆಸರಿಗೆ, ಆಮೇಲೆ 29, 30 ಹಾಕಿ ನನ್ನ ಹೆಸರಿಗೆ. ಮೂರಕ್ಷರದ ಹಳೇ ನಂಬರು, ಕಂಪ್ಯೂಟರಿನಲ್ಲಿ ಗಾಡಿಯೇ ಇಲ್ಲ. ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸ, ಆಗದೆ ಏನೂ ಮುಂದಕ್ಕೆ ಹೋಗುವುದಿಲ್ಲ. ಇದಕ್ಕೇ ಹೆಚ್ಚು ಓಡಾಟ ಆಯಿತು. ಏಜೆಂಟ್ ಕೈಗೆ ಕೊಟ್ಟರೆ 'ಹಳೇ ಫೈಲ್ ಸಿಗ್ತಿಲ್ಲ ಸಾರ್' ಅಂತ ವರ್ಷ ಕಳೆಯುತ್ತಾರೆ. ನಾವೇ ಆರ್‌ಟಿಒ ಆಫೀಸಿಗೆ ಹೋಗಿ ಕೂತರೆ ಸಿಗುತ್ತದೆ. ನಾನು ಮಾಡಿಸಿದಾಗ 15 ವರ್ಷ ದಾಟಿದ ಕಾರಿನ ಆರ್‌ಸಿ ರಿನ್ಯೂವಲ್ ಶುಲ್ಕ 5,000 ಇತ್ತು. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಕಾರಿಗೆ 10,000. ಅವಧಿ ಮುಗಿದ ಮೇಲೆ ಸುಮ್ಮನೆ ಬಿಟ್ಟರೆ ಕಾರಿಗೆ ತಿಂಗಳಿಗೆ 500ರಂತೆ ದಂಡ ಬೆಳೆಯುತ್ತಾ ಹೋಗುತ್ತದೆ. ನಿಂತ ಗಾಡಿಗೆ ಇದು ಸಾಲದ ಬಡ್ಡಿ ಇದ್ದ ಹಾಗೆ. ನಾಲ್ಕೈದು ವರ್ಷ ಮರೆತರೆ ಗಾಡಿ ಬೆಲೆಯ ಅರ್ಧದಷ್ಟಾಗಿ ನಿಲ್ಲುತ್ತದೆ, ಆಗ ಮನೆಯವರು ಗುಜರಿಯವರನ್ನು ಕರೆಸುತ್ತಾರೆ.

ವಿಂಟೇಜ್ ಅಂತ ಮಾಡಿಸಬಹುದಲ್ವಾ ಅಂತ ಕೇಳಬೇಡಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿರಬೇಕು. ಡಾಲ್ಫಿನ್‌ಗೆ ಇನ್ನೂ ಆಗಿಲ್ಲ. ಆದರೂ ನನಗೆ ಬೇಡ. ವಿಂಟೇಜ್ ನಂಬರ್ ಬಂದರೆ ದಿನನಿತ್ಯ ಓಡಿಸುವ ಹಾಗಿಲ್ಲ, ಪ್ರದರ್ಶನಕ್ಕೋ ರ‍್ಯಾಲಿಗೋ ಮಾತ್ರ. 15ಕ್ಕೂ 50ಕ್ಕೂ ನಡುವೆ ಸಿಕ್ಕ ಕಾರುಗಳು ಐದೈದು ವರ್ಷಕ್ಕೆ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಮಾಡಿಸಿಕೊಂಡೇ ಬದುಕಬೇಕು. ಇದೇ ಅವಧಿಯಲ್ಲಿ ಅರ್ಧಕ್ಕರ್ಧ ಕಾರುಗಳು ಕಳೆದುಹೋಗುತ್ತವೆ.

ಇನ್ಶೂರೆನ್ಸ್ ಹಗುರ. 1000 ಸಿಸಿ ಒಳಗಿನ ಕಾರಿನ ಥರ್ಡ್ ಪಾರ್ಟಿ ಎರಡು ಸಾವಿರ ಚಿಲ್ಲರೆ, ಅಷ್ಟೇ.

ಬ್ರೇಕಿನ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಸಿಲಿಂಡರುಗಳಿಗೆ ಲೇತಿನಲ್ಲಿ ಸ್ಟೀಲ್ ಸ್ಲೀವ್ ಹಾಕಿಸಿ, ಅಳತೆ ಸರಿಹೋಗುವ ರಬ್ಬರ್ ಕಪ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದೆ. ಪೈಪು ಪೂರ್ತಿ ಹೊಸದು. ಎಲ್ಲಾ ಸೇರಿ ಹನ್ನೆರಡು ಸಾವಿರದ ಒಳಗೆ ಮುಗಿಯಿತು.

ನಿಜವಾದ ಯುದ್ಧ ಕೂಲಿಂಗಿನದ್ದು. ಡಾಲ್ಫಿನ್ ಹೆಸರು ಕೆಟ್ಟಿದ್ದೇ ಹೀಟಿನಿಂದ. ಎಲ್ಲರೂ ಬೈಯುವುದು ಎಂಜಿನ್ನನ್ನು. ನಾನು ಬೈಯುವುದು ನೀರನ್ನು. ಅಲ್ಯೂಮಿನಿಯಂ ಬ್ಲಾಕು, ಒಳಗೆ ಎರಕದ ಕಬ್ಬಿಣದ ವೆಟ್ ಲೈನರ್ (ಒಳಗೆ ಪಿಸ್ಟನ್ ಓಡಾಡುವ, ಹೊರಗೆ ನೀರು ತಾಗುವ ಕೊಳವೆ), ನಡುವೆ ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು. ಆ ನೀರಲ್ಲಿ ಬೇಳೆ ಕೂಡ ಬೇಗ ಬೇಯುವುದಿಲ್ಲ. ಎರಡು ಜಾತಿ ಲೋಹ ಉಪ್ಪಿನ ನೀರಲ್ಲಿ ಕೂತರೆ ಅಲ್ಯೂಮಿನಿಯಂ ಸವೆಯುತ್ತದೆ, ಸವೆದ ಪುಡಿಯೂ ಸುಣ್ಣವೂ ಸೇರಿ ನೀರಿನ ದಾರಿ ಮುಚ್ಚುತ್ತದೆ. ನನ್ನ ಬ್ಲಾಕಿನ ಹಿಂದಿನ ಸಿಲಿಂಡರ್ ಸುತ್ತ ಕೆರೆದಾಗ ಬಿಳಿ ಕೆಸರು ಚಮಚ ಚಮಚ ಬಂತು. ಅಲ್ಲಿ ನೀರು ತಿರುಗುತ್ತಲೇ ಇರಲಿಲ್ಲ.

ಇಲ್ಲೇ ನನ್ನ ವಿಧಾನಕ್ಕೆ ಪರೀಕ್ಷೆ ಬಂದಿದ್ದು. ಎಂಜಿನ್ ಬಿಚ್ಚಿದರೆ ಗಾಡಿ ನಿಲ್ಲುತ್ತದೆ. ಅದಕ್ಕೆ ಎರಡನೇ ಎಂಜಿನ್ ಹುಡುಕಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹತ್ತಿರ ಮಾವಿನ ತೋಟದಲ್ಲಿ ಒಂದು ಮೊಂಟಾನಾ ಬಿದ್ದಿತ್ತು. ಬಾಡಿ ಒಡೆದಿತ್ತು, ಎಂಜಿನ್ ಗೇರ್‌ಬಾಕ್ಸ್ ಇತ್ತು. 30 ಸಾವಿರ ಹೇಳಿ 22ಕ್ಕೋ 23ಕ್ಕೋ ಕೊಟ್ಟರು. ಟೆಂಪೋ ಬಾಡಿಗೆ ಬೇರೆ. ಈ ಎಂಜಿನ್ ಎಷ್ಟು ಹಗುರ ಅಂದರೆ ಇಬ್ಬರು ಸೇರಿ ಕೈಯಲ್ಲೇ ಎತ್ತಬಹುದು. ಅದನ್ನು ಬೆಂಚಿನ ಮೇಲಿಟ್ಟು ನಿಧಾನಕ್ಕೆ ಕಟ್ಟುತ್ತಾ ಹೋದೆ, ಕಾರು ಮಾತ್ರ ಹಳೇ ಎಂಜಿನ್‌ನಲ್ಲಿ ಊರೊಳಗೆ ಹತ್ತು ಕಿಲೋಮೀಟರ್ ಓಡಿಕೊಂಡೇ ಇತ್ತು. ಬ್ರೇಕು, ಗೇರು, ಬೇರಿಂಗ್ ಎಲ್ಲವೂ ಚಾಲ್ತಿಯಲ್ಲಿದ್ದವು. ನಿಂತಿದ್ದರೆ ಅಷ್ಟೂ ಮತ್ತೆ ಕೆಡುತ್ತಿತ್ತು.

ಬ್ಲಾಕು ತೊಳೆಯಲು ರೇಡಿಯೇಟರ್ ಅಂಗಡಿಯೊಂದರಲ್ಲಿ ಆಸಿಡ್ ಹಾಕೋಣ ಅಂದರು. ಹಿತ್ತಾಳೆ ರೇಡಿಯೇಟರಿಗೆ ಸರಿ, ಅಲ್ಯೂಮಿನಿಯಂಗೆ ಅದು ವಿಷ. ನಾನು ದಿನಸಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಬಿಸಿನೀರಲ್ಲಿ ತೆಳುವಾಗಿ ಕರಗಿಸಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದು, ಮತ್ತೆ ಹಾಕಿದೆ. ಸುಣ್ಣ ಬಿಟ್ಟಿತು. ಗಟ್ಟಿ ಕೂತಿದ್ದನ್ನು ಬಿದಿರಿನ ಕಡ್ಡಿಯಲ್ಲೇ ಕೆರೆಯಬೇಕಾಯಿತು. ಸ್ಕ್ರೂಡ್ರೈವರ್ ತಾಗಿಸಲೇ ಇಲ್ಲ.

ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲು) ಮೂರು ಜಾತಿ ಹಾಕಿ ನೋಡಿದ್ದೇನೆ. ಮೊದಲು ಹಳೇ ಎಂಜಿನ್‌ಗೆ ಮಾದರಿ ಕೊಟ್ಟು ಬೆಂಗಳೂರಿನಲ್ಲಿ ಕತ್ತರಿಸಿದ ಶೀಟ್. ಇನ್ನೂರು ಮುನ್ನೂರು ಕಿಲೋಮೀಟರಿಗೆ ಎರಡು ಮೂರನೇ ಸಿಲಿಂಡರ್ ನಡುವೆ ಒಡೆದುಹೋಯಿತು. ಆಮೇಲೆ ತಾಮ್ರದ್ದು. ಅದು ಇನ್ನೂ ಬೇಗ. ಹೆಡ್ಡಿನ ಮುಖ ಸಮತಟ್ಟು (ಫೇಸಿಂಗ್) ಮಾಡಿಸಿದ್ದಾಗಿತ್ತು, ಬಿಗಿ ಮಾಡಿದ ಟಾರ್ಕ್ ಸರಿ ಇತ್ತು. ಎಲ್ಲರೂ 'ಈ ಎಂಜಿನ್ನೇ ಹಂಗೆ ಬಿಡಿ, ಓಮ್ನಿ ಎಂಜಿನ್ ಕೂರಿಸಿ' ಅಂದರು. ಎಷ್ಟೋ ಡಾಲ್ಫಿನ್‌ಗಳ ಕತೆ ಮುಗಿದಿದ್ದು ಇದೇ ಮಾತಿನಿಂದ. ಮಾರುತಿಯ 796 ಸಿಸಿ ಎಂಜಿನ್ ಕೂರಿಸಬಹುದು, ಓಡುತ್ತದೆ ಕೂಡ. ಆದರೆ ಆರ್‌ಸಿಯಲ್ಲಿರುವ ಎಂಜಿನ್ ನಂಬರು ಬೇರೆ ಆಗುತ್ತದೆ, ಮುಂದಿನ ಎಫ್‌ಸಿಯಲ್ಲಿ ಗಾಡಿ ಸಿಕ್ಕಿಕೊಳ್ಳುತ್ತದೆ. ಮೊಂಟಾನಾ ಎಂಜಿನ್ ತಂದಾಗಲೂ ಇದೇ ಕಾರಣಕ್ಕೆ ನಾನು ಅದರ ಕ್ರ್ಯಾಂಕು, ಹೆಡ್ಡು, ಲೈನರ್ ಎಲ್ಲಾ ಬೆಂಚಿನ ಮೇಲೆ ಸಿದ್ಧ ಮಾಡಿಟ್ಟುಕೊಂಡೆ. ಆಮೇಲೆ ಕೆಲವೇ ದಿನ ಗಾಡಿ ನಿಲ್ಲಿಸಿ, ನನ್ನ ನಂಬರಿನ ಬ್ಲಾಕಿಗೆ ಎಲ್ಲವನ್ನೂ ವರ್ಗಾಯಿಸಿದೆ. ಬ್ಲಾಕು ಬದಲಾಗಲಿಲ್ಲ, ನಂಬರೂ ಬದಲಾಗಲಿಲ್ಲ.

ರೋಗ ಇದ್ದಿದ್ದು ಗ್ಯಾಸ್ಕೆಟ್ಟಿನಲ್ಲಿ ಅಲ್ಲ, ಲೈನರಿನ ಎತ್ತರದಲ್ಲಿ. ವೆಟ್ ಲೈನರ್ ಬ್ಲಾಕಿನ ಮುಖಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಂತಿರಬೇಕು, ನಾಲ್ಕೂ ಒಂದೇ ಸಮ. ಡಯಲ್ ಗೇಜ್ ಇಟ್ಟು ನೋಡಿದರೆ ನನ್ನದರಲ್ಲಿ ಮೂರನೆಯದು ತಗ್ಗಿತ್ತು. ಹೆಡ್ ಎಷ್ಟೇ ಬಿಗಿ ಮಾಡಿದರೂ ಅಲ್ಲಿ ಗ್ಯಾಸ್ಕೆಟ್ ಹಿಡಿಯುವುದಿಲ್ಲ. ಇನ್ನೊಂದು ಮಾತು: ಹೆಡ್ ಇಳಿಸಿದ ಮೇಲೆ ಲೈನರುಗಳನ್ನು ವಾಷರ್ ಹಾಕಿ ಸ್ಟಡ್ಡಿಗೆ ಬಿಗಿಯದೆ ಕ್ರ್ಯಾಂಕ್ ತಿರುಗಿಸಲೇಬಾರದು. ತಿರುಗಿಸಿದರೆ ಲೈನರ್ ಮೇಲೆದ್ದು, ಕೆಳಗಿನ ಸೀಲ್ ಹೋಗಿ, ನೀರು ಆಯಿಲಿಗೆ ಇಳಿಯುತ್ತದೆ. ನಾಲ್ಕನ್ನೂ ಒಂದೇ ಎತ್ತರಕ್ಕೆ ತಂದ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಸುರಿದ ದುಡ್ಡು, ಹೊತ್ತು ಎರಡೂ ದೊಡ್ಡವು. ನಿಜವಾಗಿ ಡಾಲ್ಫಿನ್ ಕಟ್ಟುತ್ತಿರುವವರು ಗಾಡಿ ತಂದರೆ ಎದುರಿಗೇ ಮಾಡಿ ತೋರಿಸುತ್ತೇನೆ.

ಗ್ಯಾಸ್ಕೆಟ್ ಸೆಟ್ಟನ್ನು ಕೊನೆಗೆ ಇಂಗ್ಲೆಂಡಿನಿಂದ ತರಿಸಿದೆ. ಸ್ಪೇರ್ ಸಿಗಲ್ಲ ಅನ್ನುವವರಿಗೆ ಇದನ್ನೇ ಹೇಳುವುದು. ರಿಲಯಂಟ್ ಕಿಟನ್ ತಯಾರಾಗಿದ್ದು 1975ರಿಂದ 1982ರವರೆಗೆ, ಅದೂ ನಾಲ್ಕು ಸಾವಿರದ ಆಸುಪಾಸು ಮಾತ್ರ. ಆದರೆ ಇದೇ 848 ಸಿಸಿ ಎಂಜಿನ್ ಅಲ್ಲಿನ ಮೂರು ಚಕ್ರದ ರಾಬಿನ್‌ನಲ್ಲಿ ಎಷ್ಟೋ ವರ್ಷ ಬಂತು. ಅಲ್ಲಿನ 750 ಫಾರ್ಮುಲಾ ರೇಸಿನವರೂ ಇದನ್ನೇ ಬಳಸಿದರು. ಹಾಗಾಗಿ ಗ್ಯಾಸ್ಕೆಟ್ಟು, ಬೇರಿಂಗು, ರಿಂಗು, ವಾಲ್ವು ಎಲ್ಲಾ ಇವತ್ತಿಗೂ ಸಿಗುತ್ತದೆ. ಕೊರಿಯರ್, ಕಸ್ಟಮ್ಸ್ ಸೇರಿ ಮಾಲಿನ ಬೆಲೆಯಷ್ಟೇ ಇನ್ನೊಂದು ಬೆಲೆ ಆಗುತ್ತದೆ ಅನ್ನುವುದು ನಿಜ. ನನಗೆ ಒಟ್ಟು 40 ಸಾವಿರದ ಹತ್ತಿರ ಬಿತ್ತು. ಒಂದೇ ಪಾರ್ಸೆಲ್ಲಿನಲ್ಲಿ ಎಲ್ಲಾ ತರಿಸಿದ್ದಕ್ಕೆ ಅಷ್ಟು. ಬಿಡಿ ಬಿಡಿಯಾಗಿ ತರಿಸಿದವರು ನನಗಿಂತ ಜಾಸ್ತಿ ಕೊಟ್ಟಿದ್ದಾರೆ.

ಎಂಜಿನ್ ಸಾಮಾನು ಹೇಗೋ ಸಿಗುತ್ತದೆ. ಸಿಗದಿರುವುದು ಗಾಜು, ಲ್ಯಾಂಪು, ಬಾಗಿಲ ಹಿಡಿ, ಬೀಡಿಂಗು. ಯಾವ ಹಳೇ ಸ್ಪೋರ್ಟ್ಸ್ ಕಾರಾದರೂ ಇದೇ ಕತೆ. ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ನೋಡಿ. ಅದರ ರೆನೊ 1.2 ಎಂಜಿನ್ ಯುರೋಪಿನಲ್ಲಿ ಕ್ಲಿಯೊ, ಟ್ವಿಂಗೊಗಳಲ್ಲಿ ಬೇಕಾದಷ್ಟಿದೆ. ಬಾಡಿಯ ಒಂದು ತುಂಡು ಬೇಕಾದರೆ ಅಂಗಡಿಗೆ ಹೋಗುವ ಹಾಗಿಲ್ಲ, ಅಚ್ಚು ತೆಗೆದು ಮಾಡಬೇಕು. ಪಾಲಿಯೊ ಎಸ್10 ಮಾಡಿದ್ದೇ 500. ಮೂರು ಬಾಗಿಲಿನ ಮಾರುತಿ ಝೆನ್ ಕಾರ್ಬನ್, ಝೆನ್ ಸ್ಟೀಲ್ ಎರಡೂ ಕೆಲವೇ ನೂರು. ಝೆನ್ ಎಂಜಿನ್ ಪ್ರತಿ ಊರಿನಲ್ಲೂ ಇದೆ, ಆ ಉದ್ದದ ಬಾಗಿಲು ಎಲ್ಲಿ ತರುತ್ತೀರಿ? ಒಂದು ಸಣ್ಣ ಅಪಘಾತವಾದರೆ ರಿಪೇರಿ ಖರ್ಚು ಇನ್ಶೂರೆನ್ಸ್ ಬೆಲೆ ದಾಟುತ್ತದೆ, ಗಾಡಿಯನ್ನು ಟೋಟಲ್ ಲಾಸ್ ಅಂತ ಬರೆಯುತ್ತಾರೆ. ಸಾದಾ ಕಾರಾಗಿದ್ದರೆ ರಿಪೇರಿ ಆಗುತ್ತಿದ್ದ ಪೆಟ್ಟಿಗೆ ಇದು ಸಾಯುತ್ತದೆ.

ಕೂಲಿಂಗಿಗೆ ಉಳಿದದ್ದು ಸುಲಭ. ರೇಡಿಯೇಟರಿಗೆ ಒಂದು ಸಾಲು ಜಾಸ್ತಿ ಹಾಕಿ ಹೊಸ ಕೋರ್, ಆರೇಳು ಸಾವಿರ. ಓಮ್ನಿಯ ಎಲೆಕ್ಟ್ರಿಕ್ ಫ್ಯಾನು. ಡಿಸ್ಟಿಲ್ಡ್ ವಾಟರಿಗೆ ಅರ್ಧಕ್ಕರ್ಧ ಕೂಲೆಂಟು. ಬೋರ್‌ವೆಲ್ ನೀರು ಒಂದು ಹನಿಯೂ ಇಲ್ಲ. ಡಿಕ್ಕಿಯಲ್ಲಿ ಯಾವಾಗಲೂ ಎರಡು ಲೀಟರ್ ಕ್ಯಾನ್ ಇರುತ್ತದೆ. ಏಪ್ರಿಲ್ ಮಧ್ಯಾಹ್ನ ಇಬ್ಬರನ್ನು ಕೂರಿಸಿಕೊಂಡು ದೇವರಾಯನದುರ್ಗ ಹತ್ತಿದ್ದೇನೆ. ಮೇಲೆ ತಲುಪಿದಾಗಲೂ ಹೀಟ್ ಮೀಟರಿನ ಮುಳ್ಳು ನಡುವಿನಿಂದ ಸ್ವಲ್ಪವೇ ಆಚೆ. ಬಾಡಿ ಎತ್ತಿಬಿಡಿ ಅಂದಿದ್ದ ಮೇಸ್ತ್ರಿಯವರನ್ನೇ ಅವತ್ತು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಅವರು ಬಾನೆಟ್ ಎತ್ತಿಸಿ, ಕೈ ಇಟ್ಟು ನೋಡಿ, 'ಒಪ್ಪಿದೆ ಸಾರ್' ಅಂದರು.

ವೈರಿಂಗಿನಲ್ಲಿ ಫೈಬರ್ ಕಾರಿನ ಒಂದು ಗುಟ್ಟಿದೆ. ಕಬ್ಬಿಣದ ಬಾಡಿಯಲ್ಲಿ ಲೈಟಿಗೆ ಒಂದು ವೈರ್ ಕೊಟ್ಟರೆ ಸಾಕು, ಅರ್ತ್ ಬಾಡಿಯಿಂದಲೇ ಬರುತ್ತದೆ. ಫೈಬರಿನಲ್ಲಿ ಬರುವುದಿಲ್ಲ. ಪ್ರತಿ ಲ್ಯಾಂಪಿಗೂ, ವೈಪರಿಗೂ, ಹಾರನ್ನಿಗೂ ಬೇರೆಯೇ ಅರ್ತ್ ವೈರ್ ಚಾಸಿವರೆಗೆ ಹೋಗಬೇಕು. ಹಳೇ ಎಲೆಕ್ಟ್ರಿಷಿಯನ್ನುಗಳು ಇದನ್ನು ಮರೆತು ಸ್ವಿಚ್ಚು, ಫ್ಯೂಸು ಎಲ್ಲಾ ಬದಲಾಯಿಸಿದ್ದರು. ನನ್ನ ಗಾಡಿಯಲ್ಲಿ ಎಡ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟು ಮಂಕಾಗಿ ಮಿನುಗುತ್ತಿತ್ತು, ಹಾರನ್ ಒತ್ತಿದರೆ ಫ್ಯೂಯಲ್ ಗೇಜ್ ಕುಣಿಯುತ್ತಿತ್ತು. ಒಂದರ ಅರ್ತ್ ತುಕ್ಕು ಹಿಡಿದು, ಕರೆಂಟು ಇನ್ನೊಂದರ ದಾರಿ ಹುಡುಕುತ್ತಿತ್ತು, ಅಷ್ಟೇ. ಚಾಸಿಯ ನಾಲ್ಕು ಕಡೆ ಬಣ್ಣ ಕೆರೆದು, ತಾಮ್ರದ ಲಗ್ ಬೋಲ್ಟ್ ಮಾಡಿ, ಮೇಲೆ ಗ್ರೀಸ್ ಬಳಿದು, ಎಲ್ಲಾ ಅರ್ತ್ ವೈರುಗಳನ್ನು ಕಪ್ಪು ಬಣ್ಣದಲ್ಲೇ ಎಳೆದೆ. ಬ್ಯಾಟರಿಯಿಂದ ಎಂಜಿನ್‌ಗೆ ಒಂದು ದಪ್ಪ ಕೇಬಲ್, ಎಂಜಿನ್‌ನಿಂದ ಚಾಸಿಗೆ ಇನ್ನೊಂದು. ಮೂರು ಸಾವಿರದ ವೈರಿನಲ್ಲಿ ಹತ್ತಾರು ರೋಗ ವಾಸಿಯಾಯಿತು.

ಪೆಟ್ರೋಲ್ ಲೈನನ್ನು ಈಗ ಯಾರೂ ನಿರ್ಲಕ್ಷ್ಯ ಮಾಡುವ ಹಾಗಿಲ್ಲ. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲು ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಒಳಗಿನ ಪದರ ಬಿಟ್ಟು ಕಾರ್ಬ್ಯುರೇಟರಿನ ಜೆಟ್ಟಿಗೆ (ಪೆಟ್ರೋಲ್ ಹಾಯುವ ಸಣ್ಣ ತೂತು) ಸಿಕ್ಕಿಕೊಳ್ಳುತ್ತದೆ. ನಿಂತ ಗಾಡಿಯಲ್ಲಿ ಎಥನಾಲ್ ತೇವ ಎಳೆದುಕೊಂಡು ಕಾರ್ಬ್ಯುರೇಟರಿನ ಬಟ್ಟಲಲ್ಲಿ ಬಿಳಿ ಪುಡಿ ಮಾಡುತ್ತದೆ. ಪೈಪು, ಪಂಪಿನ ಡಯಾಫ್ರಮ್ಮು, ನೀಡಲ್ ಸೀಟು ಎಲ್ಲಾ ಎಥನಾಲ್ ತಡೆಯುವ ಜಾತಿಯದ್ದು ಹಾಕಿ. ಮಿಕ್ಸ್ಚರ್ ಬಡವಾಗುತ್ತದೆ, ಅಂದರೆ ಗಾಳಿಗೆ ಸಾಕಷ್ಟು ಇಂಧನ ಸಿಗುವುದಿಲ್ಲ, ಜೆಟ್ ದೊಡ್ಡದು ಮಾಡಲೇಬೇಕು. ಎಷ್ಟು ಅಂತ ನನ್ನ ಗಾಡಿಯದ್ದು ಹೇಳುವುದಿಲ್ಲ. ನಿಮ್ಮ ಪ್ಲಗ್ಗಿನ ಬಣ್ಣ ನೋಡಿ ನೀವೇ ಹುಡುಕಿಕೊಳ್ಳಿ. ಹೊಗೆ ಪರೀಕ್ಷೆಯಲ್ಲಿ ಆ ಕಾಲದ ಗಾಡಿಗೆ ಕಾರ್ಬನ್ ಮೊನಾಕ್ಸೈಡ್ (ಸಿಒ) ಮಿತಿ ಶೇ 3, ನನ್ನದು ಎರಡರ ಒಳಗೇ ಬರುತ್ತದೆ.

ಇನ್ನು ಬಾಡಿ. ಫೈಬರ್ ತುಕ್ಕು ಹಿಡಿಯುವುದಿಲ್ಲ, ಆದರೂ ಡಾಲ್ಫಿನ್‌ಗಳು ಹೋಗಿದ್ದು ಬಾಡಿಯಿಂದಲೇ. ಕಾರಣ, ನಮ್ಮ ಟಿಂಕರ್‌ಗಳ ಕೈಯಲ್ಲಿರುವುದು ಸುತ್ತಿಗೆ, ಗ್ಯಾಸ್. ಎರಡೂ ಇಲ್ಲಿ ಕೆಲಸಕ್ಕೆ ಬಾರದು. ಬಿರುಕಿನ ಮೇಲೆ ಪುಟ್ಟಿ ಹಚ್ಚಿ ಬಣ್ಣ ಹೊಡೆದು ಕಳಿಸುತ್ತಾರೆ, ಎರಡು ಹಂಪ್ ಹಾರಿದರೆ ಬಿರುಕು ಮತ್ತೆ ಮೇಲೆ ಬರುತ್ತದೆ. ನನಗೆ ಬೇಕಾದ ಕೈ ಸಿಕ್ಕಿದ್ದು ಗ್ಯಾರೇಜಿನಲ್ಲಿ ಅಲ್ಲ. ಮದುವೆ ಮಂಟಪಕ್ಕೆ ಫೈಬರ್ ಆನೆ, ಕಂಬ ಮಾಡುವ ಕ್ಯಾತ್ಸಂದ್ರ ಕಡೆಯ ಒಬ್ಬ ಹುಡುಗ. ರೆಸಿನ್ನಿನ (ಫೈಬರನ್ನು ಗಟ್ಟಿ ಮಾಡುವ ಅಂಟು ದ್ರವ) ಮೇಲೆ ಅವನಿಗಿರುವ ಹಿಡಿತ ಯಾವ ಪೇಂಟರಿಗೂ ಇಲ್ಲ. 'ಅಣ್ಣಾ, ಆನೆ ಸೊಂಡಿಲಿಗಿಂತ ಇದು ಸುಲಭ' ಅಂದ, ಹಾಗೇ ಮಾಡಿಯೂ ತೋರಿಸಿದ.

ಕೆಲಸ ಹೀಗೆ: ಬಿರುಕನ್ನು ಗ್ರೈಂಡರಿನಲ್ಲಿ ಗಟ್ಟಿ ಪದರ ಸಿಗುವವರೆಗೆ ಕೊರೆಯಬೇಕು, ಅಂಚಿನ ಓರೆ ದಪ್ಪದ ಹನ್ನೆರಡರಷ್ಟು ಅಗಲ ಇರಬೇಕು. ಹಿಂದಿನ ಬದಿಯಲ್ಲಿ ಮೊದಲು ಮ್ಯಾಟ್ (ಗಾಜಿನ ನಾರಿನ ಹಾಸು) ಕೂರಿಸಿ, ಆಮೇಲೆ ಮುಂದೆ. 300 ಗ್ರಾಮಿನ ಮ್ಯಾಟ್ ಎರಡು ಮೂರು ಪದರ ಸಾಕು. ನಲವತ್ತು ವರ್ಷದ ಹಳೇ ಫೈಬರಿಗೆ ಸಾದಾ ಪಾಲಿಯೆಸ್ಟರ್ ರೆಸಿನ್ ಅಷ್ಟು ಗಟ್ಟಿ ಹಿಡಿಯುವುದಿಲ್ಲ, ಮೊದಲು ಮಾಡಿದ ಎಡ ವೀಲ್ ಆರ್ಚ್ ಮಳೆಗಾಲದಲ್ಲಿ ಹಪ್ಪಳದಂತೆ ಎದ್ದಿತು. ಆಮೇಲೆ ಸಂದುಗಳಿಗೆಲ್ಲಾ ಎಪಾಕ್ಸಿ. ಎಪಾಕ್ಸಿ ಬಳಸುವಾಗ ನಾರಿನ ತುಂಡುಗಳನ್ನು ಅಂಟಿಸಿ ಮಾಡಿದ ಸಾದಾ ಚಾಪ್ಡ್ ಮ್ಯಾಟ್ ಬೇಡ. ಅದರ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್‌ಗೆ ಮಾತ್ರ ಕರಗುತ್ತದೆ, ಎಪಾಕ್ಸಿಯಲ್ಲಿ ಗಟ್ಟಿಯಾಗೇ ಉಳಿದು ಗಾಳಿ ಹಿಡಿಯುತ್ತದೆ. ನೇಯ್ದ ಬಟ್ಟೆಯೇ ಹಾಕಿ. ಬೇಸಿಗೆಯಲ್ಲಿ ಬೆಳಗ್ಗೆ ಎಂಟರ ಒಳಗೆ ಮುಗಿಸಿ. ಹನ್ನೊಂದರ ಮೇಲೆ ಹಾರ್ಡನರ್ ಬೆರೆಸಿದ ಮಗ್ಗು ಕೈಯಲ್ಲೇ ಕಾದು ಹೊಗೆ ಬಿಡುತ್ತದೆ. ಬಾಡಿ ಚಾಸಿಗೆ ಕೂರುವ ಜಾಗಗಳನ್ನು ಬಿಚ್ಚಿ ನೋಡಲೇಬೇಕು. ಅಲ್ಲಿ ಕೆಸರು ಕೂತು ಚಾಸಿ ಒಳಗೊಳಗೇ ತಿಂದಿರುತ್ತದೆ. ನನ್ನದರಲ್ಲಿ ಎರಡು ಕಡೆ ತೇಪೆ ವೆಲ್ಡಿಂಗ್ ಬಿತ್ತು. ಪ್ರತಿ ಸಲ ಒಂದೊಂದು ಮೌಂಟ್ ಮಾತ್ರ ಸಡಿಲಿಸಿದ್ದರಿಂದ ಬಾಡಿ ಎತ್ತುವ ಕೆಲಸವೇ ಬರಲಿಲ್ಲ.

ಈ ನಡುವೆ ತೆಂಗಿನ ನಾರಿನ ಹುಚ್ಚು ಹಿಡಿಯಿತು. ನಮ್ಮ ಜಿಲ್ಲೆಯಲ್ಲಿ, ಅದರಲ್ಲೂ ತಿಪಟೂರು ಕಡೆ, ನಾರಿಗೆ ಬರವಿಲ್ಲ. ಗ್ಲಾಸ್ ಮ್ಯಾಟ್ ಬದಲು ನಾರಿನ ಮ್ಯಾಟ್‌ಗೆ ರೆಸಿನ್ ಕುಡಿಸಿ ಬಾಗಿಲಿನ ಒಳಹಲಗೆ ಮಾಡೋಣ ಅಂತ ಹೊರಟೆವು. ನಾರು ರೆಸಿನ್ ಕುಡಿದದ್ದೇ ಕುಡಿದದ್ದು, ಎರಡು ಪಟ್ಟು ಖರ್ಚು. ಆದರೂ ಒಳಗೆ ಒಣಗಿದ ಜಾಗ ಉಳಿಯಿತು. ಜುಲೈನಲ್ಲಿ ತೇವ ಎಳೆದು ಹಲಗೆ ಸೊಟ್ಟಗಾಯಿತು. ನಾರನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಎರಡೂ ಕಡೆ ತೆಳು ಗ್ಲಾಸ್ ಬಟ್ಟೆ ಹಾಕಿ ಮಾಡಿದ್ದು ನಿಂತಿತು, ಸದ್ದೂ ಕಡಿಮೆಯಾಯಿತು. ಡಿಕ್ಕಿಯ ನೆಲಹಾಸು ಈಗ ಅದರದ್ದೇ. ಸೀಟಿಗೆ ರಬ್ಬರ್ ಹಾಕಿದ ನಾರಿನ ಕುಶನ್ ಹಾಕಿದ್ದೇನೆ. ಫೋಮಿಗಿಂತ ತಂಪು, ದೂರ ಹೋದರೂ ಬೆನ್ನು ನೋಯುವುದಿಲ್ಲ.

ಬಣ್ಣ ಹೊಡೆಸಿದ್ದು ಎಲ್ಲಾ ಮುಗಿದು ಒಂದು ಮಳೆಗಾಲ ಓಡಿಸಿದ ಮೇಲೆ. ಬಿರುಕು ಮತ್ತೆ ಬರುವುದಿದ್ದರೆ ಅಷ್ಟರಲ್ಲಿ ಬಂದಿರುತ್ತದೆ. 45 ಸಾವಿರಕ್ಕೆ ಮುಗಿಯಿತು, ಯಾಕೆಂದರೆ ಪೇಂಟರಿಗೆ ಉಜ್ಜುವ ಕೆಲಸ ಬಿಟ್ಟು ಬೇರೆ ಏನೂ ಇರಲಿಲ್ಲ.

ಒಟ್ಟು ಲೆಕ್ಕ ಗಾಡಿ ಬೆಲೆ ಸೇರಿ ಮೂರೂವರೆ ಲಕ್ಷದ ಆಸುಪಾಸು ನಿಲ್ಲುತ್ತದೆ, ನಾಲ್ಕೈದು ವರ್ಷದಲ್ಲಿ ಹರಡಿದ ದುಡ್ಡು. ಯಾವ ತಿಂಗಳೂ ಸಾಲ ಮಾಡಲಿಲ್ಲ. ಗಾಡಿ ಓಡುತ್ತಿದ್ದರೆ ಮನೆಯವರೂ ಕೇಳುವುದಿಲ್ಲ. 'ಅದು ನಿಂತೇ ಇದೆಯಲ್ಲಾ ರೀ, ಯಾಕೆ ಇನ್ನೂ ದುಡ್ಡು ಹಾಕ್ತೀರಾ' ಅನ್ನುವ ಮಾತು ನಮ್ಮನೆಯಲ್ಲಿ ಹುಟ್ಟಲೇ ಇಲ್ಲ. ಗೆಳೆಯರ ಪೈಕಿ ಒಬ್ಬರ ಸಿಟಿ ವಿಟೆಕ್‌ಗೆ ಇದಕ್ಕಿಂತ ಜಾಸ್ತಿ ಹೋಗಿದೆ, ಅದಕ್ಕೆ ಇನ್ನೂ ಚಕ್ರ ಹಾಕಿಲ್ಲ.

ಈಗ ಇನ್ನೊಂದು ತೊಂದರೆ ಶುರುವಾಗಿದೆ. ಬೆಲೆ ಏರುತ್ತಿದೆ. ಏಳೆಂಟು ವರ್ಷದ ಹಿಂದೆ ಐವತ್ತು ಸಾವಿರಕ್ಕೆ ಯಾರಿಗೂ ಬೇಡವಾಗಿದ್ದ ಕಾರನ್ನು ಈಗ ದುಡ್ಡಿದ್ದವರು ತೆಗೆದುಕೊಂಡು ಕವರ್ ಹಾಕಿ ಇಡುತ್ತಾರೆ. ಮೊದಲು ಅಗ್ಗವಾಗಿದ್ದಕ್ಕೆ ಹಾಳಾದವು, ಈಗ ದುಬಾರಿಯಾಗಿದ್ದಕ್ಕೆ ಮರೆಯಾಗುತ್ತಿವೆ. ನನಗೂ ಎರಡು ಸಲ ಒಳ್ಳೆಯ ರೇಟು ಬಂತು, ಕೊಡಲಿಲ್ಲ. ಕವರಿನ ಕೆಳಗಿನ ಕಾರಿನ ವೀಲ್ ಸಿಲಿಂಡರೂ ಜಾಮ್ ಆಗುತ್ತದೆ, ಅದರ ಆಯಿಲ್ ಸೀಲೂ ಒಣಗುತ್ತದೆ. ವಾರಕ್ಕೊಮ್ಮೆಯಾದರೂ ಇಪ್ಪತ್ತು ಕಿಲೋಮೀಟರ್ ಬಿಸಿಯಾಗುವ ಹಾಗೆ ಓಡಿಸಿ ಅಂತ ಕೊಂಡವರಿಗೆಲ್ಲಾ ಹೇಳುತ್ತಿದ್ದೇನೆ.

ಆನೆ ಮಾಡುವ ಹುಡುಗನ ಜೊತೆ ಸೇರಿ ಡಾಲ್ಫಿನ್‌ನ ಮುಂದಿನ ಬಂಪರು, ಹೆಡ್‌ಲೈಟ್ ಸುತ್ತಿನ ಭಾಗ, ಎರಡೂ ಬಾಗಿಲ ಕೆಳಗಿನ ಪಟ್ಟಿ ಇವಕ್ಕೆ ಅಚ್ಚು ತೆಗೆದಿಟ್ಟಿದ್ದೇವೆ. ಮುಂದಿನ ಗಾಜಿಗೆ ಮಾತ್ರ ದಾರಿ ಸಿಕ್ಕಿಲ್ಲ, ಮೊಂಟಾನಾದಿಂದ ಬಿಚ್ಚಿದ ಗಾಜನ್ನು ಹಾಸಿಗೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಚಾಲ್ತಿ ಆರ್‌ಸಿ ಇರುವ ಗಾಡಿಯವರಿಗೆ ಅಚ್ಚಿನಿಂದ ತುಂಡು ಮಾಡಿಕೊಡುತ್ತೇವೆ, ಮಾಲಿನ ದುಡ್ಡು ಮತ್ತು ಹುಡುಗನ ಕೂಲಿ ಕೊಟ್ಟರೆ ಸಾಕು. ಬಿಚ್ಚಿಟ್ಟ ಗಾಡಿಯವರು ಮೊದಲು ಚಕ್ರ ಹಾಕಿ, ಬ್ರೇಕ್ ಮಾಡಿಸಿ, ತುಮಕೂರಿಗೆ ಓಡಿಸಿಕೊಂಡು ಬನ್ನಿ. ನನ್ನದರಲ್ಲಿ ಈಗ ಎರಡನೇ ಗೇರಿನ ಸಿಂಕ್ರೊ (ಗೇರು ಸರಾಗವಾಗಿ ಬೀಳುವಂತೆ ಮಾಡುವ ಭಾಗ) ಸ್ವಲ್ಪ ಕರಕರ ಅನ್ನುತ್ತಿದೆ. ಮೊಂಟಾನಾದ ಗೇರ್‌ಬಾಕ್ಸ್ ಬೆಂಚಿನ ಮೇಲೆ ಬಿಚ್ಚಿದೆ, ಅದು ಸಿದ್ಧವಾಗುವವರೆಗೆ ಡಬಲ್ ಕ್ಲಚ್ ಹೊಡೆದುಕೊಂಡು, ಅಂದರೆ ಗೇರು ಬದಲಿಸುವಾಗ ಎರಡೆರಡು ಸಲ ಕ್ಲಚ್ ಒತ್ತಿಕೊಂಡು, ಇದರಲ್ಲೇ ಓಡಾಡುತ್ತಿದ್ದೇನೆ.